ಕೇರೆಹಾವಿನ ರೋಗಪರೀಕ್ಷೆ

"ಈ ವಾರ ಅವ್ವನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ದೆ ಇದ್ರೆ ನನ್ ಹೆಸರೇ ಬದಲಾಯಿಸ್ಕೊಳ್ತೀನಿ," ಎಂದು ಚನ್ನಕೇಶವ ಬಚ್ಚಲ ಬಾಗಿಲಲ್ಲಿ ನಿಂತು, ಬಾಯಿತುಂಬ ಹಲ್ಲುಪುಡಿಯ ನೊರೆ ಇಟ್ಟುಕೊಂಡು, ಅರ್ಧ ಕೊಡಿಗೇಹಳ್ಳಿಗೆ ಕೇಳುವಂತೆ ಪ್ರತಿಜ್ಞೆ ಮಾಡಿದ.

ಒಲೆಯ ಮುಂದಿದ್ದ ಅವನ ಹೆಂಡತಿ ಗಂಗರತ್ನಮ್ಮ ತಿರುಗಿಯೂ ನೋಡಲಿಲ್ಲ. "ಹೋದ ತಿಂಗಳೂ ಬದಲಾಯಿಸ್ಕೊಂಡ್ರಲ್ಲ, ಆ ಹೆಸರೇನು ಅಂತ ಹೇಳ್ಬಿಡಿ. ಯಾರಾದ್ರೂ ಹುಡುಕ್ಕೊಂಡು ಬಂದ್ರೆ ಬೇಕಾಗುತ್ತೆ."

ಚನ್ನಕೇಶವ ಬಾಯಿ ಮುಕ್ಕಳಿಸಿದ. ಈ ಮನೆಯಲ್ಲಿ ಅವನ ಪಾಂಡಿತ್ಯಕ್ಕೆ ಬೆಲೆ ಇರಲಿಲ್ಲ. ಆದರೆ ಬಳ್ಳಾರಿ ರಸ್ತೆಗೆ ಸೈಕಲ್ ಹತ್ತಿಸಿದರೆ ಸಾಕು, ಅವನು ಡಾಕ್ಟರಾಗಿದ್ದ ಯಲಹಂಕದ ಪಶು ಆಸ್ಪತ್ರೆಯ ತನಕ ದಾರಿಯುದ್ದಕ್ಕೂ ರೈತರು ಟವೆಲ್ ತೆಗೆದು ಕೈ ಮುಗಿಯುತ್ತಿದ್ದರು. ಎತ್ತಿನ ಹೆಗಲ ಮೇಲಿನ ಬಾವು, ಎಮ್ಮೆಯ ಕೆಚ್ಚಲು ಬಾವು, ಕರುವಿನ ಹೊಕ್ಕುಳಿನ ಕೀವು, ಕುರಿಯ ಗಂಟಲ ಕೆಳಗಿನ ನೀರು, ಇವನ್ನೆಲ್ಲ ಅವನು ಬೆರಳ ತುದಿಯಿಂದಲೇ ಓದುತ್ತಿದ್ದ. ಕೈಯಿಟ್ಟು ಒತ್ತಿ, ಕಣ್ಣು ಮುಚ್ಚಿ, "ಗೊತ್ತಾಯ್ತು" ಎಂದುಬಿಟ್ಟರೆ ಮುಗಿಯಿತು. ದನದ ಯಜಮಾನನಿಗೆ ಅರ್ಧ ಕಾಯಿಲೆ ಅಲ್ಲೇ ಇಳಿದುಹೋಗುತ್ತಿತ್ತು.

ಅಂಥ ವೈದ್ಯನ ಸ್ವಂತ ತಾಯಿಯ ಕತ್ತಿನಲ್ಲಿ ಒಂದು ಗಡ್ಡೆ ಎದ್ದಿತ್ತು.

ಅದು ಎಂದು ಎದ್ದಿತೋ ಮುನಿವೆಂಕಟಮ್ಮನಿಗೆ ಮಾತ್ರ ಗೊತ್ತು. ಅವಳು ಸೆರಗನ್ನು ಕತ್ತಿನ ಸುತ್ತ ಎಳೆದುಕೊಂಡೇ ಓಡಾಡುತ್ತಿದ್ದಳು. ಚಳಿ ಅಂದಳು. ಚಳಿಗಾಲ ಬಂದ ಮೇಲೂ ಚಳಿ ಅಂದಳು, ಆಗ ಯಾರಿಗೂ ಅನುಮಾನ ಬರಲಿಲ್ಲ. ಎಣ್ಣೆ ಸ್ನಾನದ ದಿನ ಬೆನ್ನುಜ್ಜಲು ಹೋದ ಸೊಸೆಯ ಕೈಗೆ ಅದು ಸಿಕ್ಕಿತು. ಸಿಕ್ಕ ಕೈಯನ್ನು ಮುನಿವೆಂಕಟಮ್ಮ ಹಿಡಿದು, ಬೆನ್ನ ಮೇಲೆ ಇಟ್ಟು, "ಅಲ್ಲಿ ಉಜ್ಜು," ಅಂದಳು.

ಸುದ್ದಿ ತಿಳಿದ ದಿನ ಚನ್ನಕೇಶವ ನಡುಮನೆಯ ಆ ತುದಿಯಿಂದಲೇ ನೋಡಿ ತೀರ್ಪು ಕೊಟ್ಟಿದ್ದ. "ಇಷ್ಟೇನಾ? ಗೊತ್ತಾಯ್ತು ಬಿಡು. ಆಸ್ಪತ್ರೇಲಿ ಒಂದ್ಸಲ ಕುಯ್ದ್ರೆ ಮುಗೀತು. ಎಷ್ಟು ಎತ್ತಿಗೆ ನಾನೇ ಕುಯ್ದಿಲ್ಲ. ಎದ್ದು ಹೋಗಿ ಮೇವು ತಿಂದಿವೆ."

ಅಂದಿನಿಂದ ಮುನಿವೆಂಕಟಮ್ಮ ಆಸ್ಪತ್ರೆ ಎಂಬ ಮಾತು ಬಂದರೆ ಎದ್ದು ಹೋಗುತ್ತಿದ್ದಳು. ರಾಗಿ ಒಕ್ಕಣೆ ಮುಗೀಲಿ ಅಂದಳು. ಮುಗಿಯಿತು. ಹಸು ಈಯಲಿ ಅಂದಳು. ಈಯಿತು. ಅಮಾವಾಸ್ಯೆ ಹೋಗಲಿ ಅಂದಳು. ಅದೂ ಪಾಪ ತನ್ನ ಪಾಡಿಗೆ ಹೋಯಿತು. ಕೊನೆಗೆ ಕಾರಣಗಳೆಲ್ಲ ಖಾಲಿಯಾದಾಗ ನಿಜ ಹೇಳಿದಳು. "ನಮ್ಮಕ್ಕ ಲಕ್ಕಮ್ಮ ನಡ್ಕೊಂಡು ಓದ್ಲು ಆಸ್ಪತ್ರೆಗೆ. ಗಾಡೀಲಿ ಮಲಗಿಸ್ಕೊಂಡು ತಂದ್ರು. ನಾನು ಬರಲ್ಲ."

ಪ್ರತಿಜ್ಞೆ ಮಾಡಿದ ಆ ಬೆಳಗ್ಗೆ ಭಾನುವಾರ. ಹೆಬ್ಬಾಳ ಕೆರೆಯ ಕಡೆಯಿಂದ ಬಂದ ಮಂಜು ಇನ್ನೂ ಹಿತ್ತಲು ಬಿಟ್ಟು ಹೋಗಿರಲಿಲ್ಲ. ಅವರೆ ಚಪ್ಪರದ ಮೇಲೆ ಹಳೆಯ ಪಂಚೆಯಂತೆ ನೇತಾಡುತ್ತಿತ್ತು. ಹಂಡೆಗೆ ಉರಿ ಹಾಕಲು ಸೌದೆ ತರಹೋದ ಮುನಿವೆಂಕಟಮ್ಮ ಅಲ್ಲಿಂದಲೇ ಕೂಗಿದಳು.

"ಕೇಶವಾ, ಬಾ ಇಲ್ಲಿ. ಗಡ್ಡೆ ಎದ್ದದೆ, ನೋಡು ಬಾ."

ಚನ್ನಕೇಶವನ ಎದೆ ಹಿಗ್ಗಿತು. ಪ್ರತಿಜ್ಞೆ ಇಷ್ಟು ಬೇಗ ಫಲ ಕೊಡುವುದೆಂದು ಅವನೂ ಎಣಿಸಿರಲಿಲ್ಲ. ಓಡಿದ. "ತೋರ್ಸವ್ವ," ಅಂದ.

"ನಂಗಲ್ಲ. ಹಾವಿಗೆ."

ಸೌದೆ ರಾಶಿಯ ಮೇಲೆ, ಬಿಸಿಲು ಬೀಳಬಹುದೆಂದು ನಂಬಿಕೊಂಡು, ಒಂದು ಕೇರೆಹಾವು ಮಲಗಿತ್ತು. ಈ ಮನೆಗೆ ಅದು ಹೊಸದಲ್ಲ. ರಾಗಿ ಕಣಜಕ್ಕೆ ಇಲಿ ಬಾರದಂತೆ ನೋಡಿಕೊಳ್ಳುವ ಕೆಲಸವನ್ನು ತಾನಾಗಿಯೇ ವಹಿಸಿಕೊಂಡು, ಸಂಬಳವಿಲ್ಲದೆ ವರ್ಷಗಳಿಂದ ನಡೆಸಿಕೊಂಡು ಬಂದಿತ್ತು. ಮುನಿವೆಂಕಟಮ್ಮ ಅದನ್ನು "ನಮ್ಮೋಳು" ಅನ್ನುತ್ತಿದ್ದಳು. ಈಗ ನಮ್ಮೋಳ ಮೈ ನಡುವಿನಲ್ಲಿ ಒಂದು ದೊಡ್ಡ ಉಬ್ಬು. ಹಗ್ಗಕ್ಕೆ ಯಾರೋ ತೆಂಗಿನಕಾಯಿ ಕಟ್ಟಿ ಮರೆತ ಹಾಗೆ.

"ಪಾಪ, ಅದಕ್ಕೂ ಬಂದದೆ," ಅಂದಳು ಮುನಿವೆಂಕಟಮ್ಮ. "ನೀನು ಗಡ್ಡೆ ಡಾಕ್ಟ್ರಲ್ವಾ. ನೋಡಿ ಏಳಪ್ಪ, ಇದು ಏನು ಅಂತ."

ಹಾವಿಗೆ ಚಿಕಿತ್ಸೆ ಮಾಡುವುದನ್ನು ಚನ್ನಕೇಶವನಿಗೆ ಯಾರೂ ಕಲಿಸಿರಲಿಲ್ಲ. ಆದರೆ ಅವನ ತಲೆಯಲ್ಲಿ ಒಂದು ಉಪಾಯ ಮಿಂಚಿತು. ಗಡ್ಡೆಯ ಪರೀಕ್ಷೆ ಎಂದರೆ ಎಷ್ಟು ಸಲೀಸು ಎಂದು ಅವ್ವ ಕಣ್ಣಾರೆ ನೋಡಲಿ. ಹಾವಿಗೇ ನೋವಾಗದ್ದು ತನಗೇನಾದೀತು ಎಂಬ ಧೈರ್ಯ ಬರಲಿ. ನಾಳೆಯೇ ಬಸ್ಸು ಹತ್ತಲಿ. ಒಂದೇ ಏಟಿಗೆ ಎರಡು ಗಡ್ಡೆ!

"ರತ್ನಾ, ದನಕ್ಕೆ ಔಷಧಿ ಕುಡಿಸೋ ಗೊಟ್ಟ ತಗೊಂಬಾ."

"ಯಾಕೆ, ಹಾವಿಗೆ ಕಷಾಯ ಕುಡಿಸ್ತೀರಾ?"

"ಅದರ ತಲೆ ಗೊಟ್ಟದೊಳಗೆ ಹೋಗ್ಬೇಕು. ಕತ್ತಲೆ ಕಂಡ್ರೆ ಹಾವು ಸುಮ್ನಾಗುತ್ತೆ. ನೀನು ಗೊಟ್ಟ ಹಿಡ್ಕೋ, ನಾನು ಮೈ ಒತ್ತಿ ನೋಡ್ತೀನಿ."

"ಮದುವೆ ಮಾತಾಡಕ್ಕೆ ಬಂದಾಗ ನಮ್ಮಪ್ಪಂಗೆ ಇದನ್ನ ಹೇಳಿದ್ರಾ?"

"ಕೇರೆ ಕಣೇ, ವಿಷ ಇಲ್ಲ."

"ಹಾವಿಗಿಲ್ಲ ಅಂತ ಗೊತ್ತು," ಅಂದಳು ಗಂಗರತ್ನಮ್ಮ. ಆದರೂ ಗೊಟ್ಟ ತಂದಳು. ಅವಳೂ ಅತ್ತೆಯ ಮುಖ ನೋಡಿದ್ದಳು. ಆ ಮುಖದಲ್ಲಿ ಬಹಳ ದಿನಗಳಿಂದ ಕಾಣದ ಒಂದು ಕಾತರ ಇತ್ತು.

ಚಳಿಗೆ ಮರಗಟ್ಟಿದ್ದ ಹಾವು ಬಿದಿರ ಗೊಟ್ಟದೊಳಗೆ ತಾನಾಗಿಯೇ ತಲೆ ತೂರಿಸಿತು. ಅಲ್ಲಿಯವರೆಗೆ ಎಲ್ಲವೂ ಶಾಸ್ತ್ರೋಕ್ತವಾಗಿ ನಡೆಯಿತು. ಚನ್ನಕೇಶವ ಉಬ್ಬಿನ ಮೇಲೆ ಕೈ ಇಟ್ಟ ಕೂಡಲೇ ಬಾಲಕ್ಕೆ ಜೀವ ಬಂತು. ಅದು ಮೊದಲು ಪಕ್ಕದಲ್ಲೇ ಇದ್ದ ಹಂಡೆಯ ಮೇಲಿನ ಚೊಂಬಿಗೆ ಬಾರಿಸಿತು. ಚೊಂಬು ಸೀಗೆಪುಡಿ ಡಬ್ಬಿಯ ಮೇಲೆ ಬಿತ್ತು. ಡಬ್ಬಿ ಉರುಳಿ, ಪುಡಿ ಎದ್ದು, ಗಂಡ ಹೆಂಡತಿ ಇಬ್ಬರೂ ಒಂದೇ ತಾಳದಲ್ಲಿ ಸೀನಿದರು. ಹಾವು ತನ್ನ ಬಳಿ ಇದ್ದ ಕೊನೆಯ ಅಸ್ತ್ರವನ್ನೂ ಬಿಟ್ಟಿತು: ಬಾಲದ ಬುಡದಿಂದ ಚಿಮ್ಮಿದ ಏನೋ ಒಂದು, ಭಾನುವಾರಕ್ಕೆಂದು ಒಗೆದು ಇಸ್ತ್ರಿ ಮಾಡಿದ್ದ ಅವನ ಅಂಗಿಯ ಮೇಲೆ ಬಿತ್ತು. ಆ ನಾತಕ್ಕೆ ಪಕ್ಕದ ಹಿತ್ತಲಿನ ಪಿಳ್ಳಪ್ಪ ಗೋಡೆಯ ಮೇಲೆ ತಲೆ ಎತ್ತಿದ.

"ಏನ್ ಡಾಕ್ಟ್ರೇ, ದನ ಎಲ್ಲ ಮುಗಿದ್ವಾ?"

ಚನ್ನಕೇಶವ ಆಗಲೇ ಕಣ್ಣು ಮುಚ್ಚಿದ್ದ. ಬೆರಳುಗಳು ಕೆಲಸದಲ್ಲಿದ್ದವು. ಉಬ್ಬು ಎರಡೂ ಪಕ್ಕಕ್ಕೆ ಸಮನಾಗಿತ್ತು. ಒತ್ತಿದರೆ ಸ್ವಲ್ಪ ಬಗ್ಗುತ್ತಿತ್ತು, ಒಳಗೆ ಏನೋ ಕಡ್ಡಿಕಡ್ಡಿಯಾಗಿ ಸಿಗುತ್ತಿತ್ತು. ಇದು ಹೆಗ್ಗಣ ಎಂದಿತು ಬೆರಳು. ಆದರೆ ಬೆರಳಿನ ಮಾತು ಅರ್ಧ ಮಾತು. ಮೂಕಪ್ರಾಣಿಯ ಕಾಯಿಲೆಯ ಇನ್ನರ್ಧ ಅದರ ಯಜಮಾನನ ಬಾಯಲ್ಲಿರುತ್ತದೆ. ಎಂದಿನಿಂದ, ಎಷ್ಟಿತ್ತು, ಎಷ್ಟಾಯಿತು, ಮೇವು ಹೇಗೆ: ಇದನ್ನು ಕೇಳದೆ ಔಷಧಿ ಕೊಡುವವನು ವೈದ್ಯನೇ ಅಲ್ಲ ಎಂದೇ ಅವನು ಕಲಿತಿದ್ದ. ಈ ಪ್ರಾಣಿಗೆ ಯಜಮಾನಿ ಎಂದರೆ ಎದುರಿಗೆ ನಿಂತವಳೇ.

"ಯಾವಾಗಿಂದ ಇದೆ ಅವ್ವ ಇದು?"

ಮುನಿವೆಂಕಟಮ್ಮ ಸೆರಗನ್ನು ಕತ್ತಿಗೆ ಎಳೆದುಕೊಂಡಳು. "ಗೌರಿ ಹಬ್ಬದಿಂದ."

"ಗೌರಿ ಹಬ್ಬದಿಂದ್ಲಾ? ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ತಾನೇ ಇಳೀತದೆ ಅನ್ಕೊಂಡಿದ್ದೆ."

"ಆಗಿಂದ ಇಷ್ಟೇ ಇತ್ತಾ?"

"ಇಲ್ಲ. ಮೊದ್ಲು ಅವರೇಕಾಳಷ್ಟಿತ್ತು. ಈಗ ನಿಂಬೆಹಣ್ಣು."

ಅವನ ಕೈಯೊಳಗಿದ್ದದ್ದು ನಿಂಬೆಹಣ್ಣಿಗಿಂತ ಬಹಳ ದೊಡ್ಡದು. ಹೆಂಗಸರ ಅಳತೆಯೇ ಹೀಗೆ ಎಂದುಕೊಂಡ. "ನೋವಿದ್ಯಾ?"

"ನೋವಿಲ್ಲ. ಮಗ್ಗುಲಾದಾಗ ಒಂದೀಟು ಒತ್ತಿದಂಗೆ ಆಯ್ತದೆ."

"ಹಾವು ಮಗ್ಗುಲಾಗೋದನ್ನ ಯಾವಾಗ ನೋಡ್ದೆ ಮುನಿವೆಂಕಟಮ್ಮ?" ಎಂದು ಗೋಡೆಯ ಮೇಲಿಂದ ಪಿಳ್ಳಪ್ಪ ಕೇಳಿದ.

"ಸುಮ್ನಿರಿ ಪಿಳ್ಳಪ್ಪ," ಎಂದು ಚನ್ನಕೇಶವ ಕಣ್ಣು ಮುಚ್ಚಿಕೊಂಡೇ ಗದರಿದ. "ನಾನು ರೋಗದ ಪೂರ್ವಾಪರ ವಿಚಾರಿಸ್ತಾ ಇದೀನಿ. ಅವ್ವ, ಮೇವು ಹೆಂಗೆ?"

"ತಿಂತದೆ. ನುಂಗೋವಾಗ ಅಡ್ಡ ಬತ್ತದೆ."

ಚನ್ನಕೇಶವ ಕಣ್ಣು ತೆರೆದ. ಹಾವಿನ ಬಗ್ಗೆ ಓದಿದ್ದು, ಕೇಳಿದ್ದು, ಊಹಿಸಿದ್ದು ಎಲ್ಲ ಒಟ್ಟಿಗೆ ನಾಲಗೆಗೆ ಬಂತು. ಹೆಂಡತಿ ಗೊಟ್ಟ ಹಿಡಿದಿದ್ದಾಳೆ, ನೆರೆಯವನು ಗೋಡೆ ಹಿಡಿದಿದ್ದಾನೆ, ತಾಯಿ ಎದುರಿಗೆ ನಿಂತಿದ್ದಾಳೆ. ಇಂಥ ಸಭೆ ಮತ್ತೆಂದು ಸಿಕ್ಕೀತು?

"ನೋಡಿ. ಊಟದ ಉಬ್ಬು ಆದ್ರೆ ಹೆಚ್ಚು ಅಂದ್ರೆ ವಾರ, ಹತ್ತು ದಿನ. ಇಳಿದುಹೋಗುತ್ತೆ. ಮೊಟ್ಟೆ ಕಟ್ಟಿದ್ರೆ ಬಾಲದ ಕಡೆ ಮಣಿ ಪೋಣಿಸಿದಂಗೆ ಸಾಲಾಗಿರ್ಬೇಕು, ಹಿಂಗೆ ಒಂದೇ ಕಡೆ ಅಲ್ಲ. ಕೀವಾದ್ರೆ ಮುಟ್ಟಕ್ಕೆ ಬಿಡಲ್ಲ. ಇದು ಗೌರಿ ಹಬ್ಬದಿಂದ ಬೆಳೀತಾನೇ ಇದೆ. ನೋವಿಲ್ಲ. ನುಂಗಕ್ಕೆ ಅಡ್ಡ ಬರ್ತಾ ಇದೆ. ಗೊತ್ತಾಯ್ತು. ಕೆಟ್ಟ ಗಡ್ಡೆ."

"ಕೆಟ್ಟದು ಅಂದ್ರೆ?"

"ಕುಯ್ದ್ರೂ ಬೆಳೆಯುತ್ತೆ, ಬಿಟ್ರೂ ಬೆಳೆಯುತ್ತೆ."

"ಮದ್ದು?"

"ಇಲ್ಲ."

"ಎಷ್ಟ್ ದಿನ ಅದೆ?"

"ಯುಗಾದಿ ನೋಡಿದ್ರೆ ಹೆಚ್ಚು."

ಮುನಿವೆಂಕಟಮ್ಮ ತಲೆಯಾಡಿಸಿದಳು. "ಅಂಗಾ," ಅಂದಳು. ಆಮೇಲೆ, "ಬಿಟ್ಬಿಡು ಅದನ್ನ, ಪಾಪ. ಒಲೆ ಮೇಲೆ ಸಾರಿಟ್ಟಿದೀನಿ, ಉಕ್ತದೆ," ಎಂದು ಒಳಗೆ ಹೋದಳು.

ಚನ್ನಕೇಶವ ಹಿಂದೆಯೇ ಹೋದ. "ನೋಡಿದ್ಯಾ ಅವ್ವ? ಪರೀಕ್ಷೆ ಅಂದ್ರೆ ಇಷ್ಟೇ. ನಾಳೆ ಬೆಳಗ್ಗೆ ಬಸ್ಸಿಗೆ ನೀನೂ ನಾನೂ ಪೇಟೆಗೆ ಹೋಗಣ."

"ಇನ್ಯಾಕಪ್ಪ ಆಸ್ಪತ್ರೆ," ಅಂದಳು. ದನಿಯಲ್ಲಿ ಎಂದಿನ ಹಟ ಇರಲಿಲ್ಲ. ಅದೇ ಅವನಿಗೆ ಶುಭಸೂಚನೆಯಾಗಿ ಕಂಡಿತು.

ಪಿಳ್ಳಪ್ಪನ ಗೋಡೆ ದಾಟಿದ ಸುದ್ದಿ ಸಂಜೆಯೊಳಗೆ ಊರೆಲ್ಲ ಆಯಿತು. ಯುಗಾದಿಗೆ ಸಾಯುವ ಹಾವನ್ನು ನೋಡಲು ಹೆಂಗಸರು ಬಂದರು. ಅರಿಶಿನ, ಹೂವು, ಬಟ್ಟಲಲ್ಲಿ ಹಾಲು. ಹಾವು ಹಾಲು ಕುಡಿಯುವುದಿಲ್ಲ ಎಂದು ಚನ್ನಕೇಶವ ಜಗುಲಿಯ ಮೇಲೆ ನಿಂತು ಉಪನ್ಯಾಸ ಕೊಟ್ಟ. ಅವನದೇ ಮನೆಯ ಬೆಕ್ಕು ಅಷ್ಟನ್ನೂ ಕುಡಿದು ದುಂಡಗಾಯಿತು. ಸಾಯುವ ಜೀವದ ಮಲಗುವ ತಾವನ್ನು ಕೆದಕಬಾರದೆಂದು ಸೌದೆ ರಾಶಿಗೆ ಯಾರೂ ಕೈ ಹಾಕಲಿಲ್ಲ. ಸೌದೆ ಇಲ್ಲದೆ ಹಂಡೆಗೆ ಉರಿ ಇಲ್ಲ. ಧನುರ್ಮಾಸದ ಆ ಬೆಳಗುಗಳಲ್ಲಿ ಹಾವಿನ ಡಾಕ್ಟರು ತಣ್ಣೀರು ಸುರಿದುಕೊಂಡು, ಊರಿಗೆಲ್ಲ ಕೇಳುವಂತೆ ದೇವರ ನಾಮ ಹೇಳಿದರು. ಯಲಹಂಕದಲ್ಲಿ ಮಾತ್ರ ಅವನ ಕೀರ್ತಿ ಬೆಚ್ಚಗಿತ್ತು. ಪಶು ಆಸ್ಪತ್ರೆಯ ಜಗುಲಿಯಲ್ಲಿ ಕೂತ ರೈತರಿಗೆ ಅವನು ಊಟದ ಉಬ್ಬು, ಮೊಟ್ಟೆಯ ಉಬ್ಬು, ಕೆಟ್ಟ ಗಡ್ಡೆ ಎಂದು ಬೆರಳು ಮಡಿಸಿ ಹೇಳುತ್ತಿದ್ದ. ಎತ್ತುಗಳು ಕಾಯುತ್ತಿದ್ದವು.

ಮನೆಯಲ್ಲಿ ಮುನಿವೆಂಕಟಮ್ಮ ಬಹಳ ಒಳ್ಳೆಯವಳಾಗಿಬಿಟ್ಟಿದ್ದಳು. ಸೊಸೆಯ ಸಾರಿಗೆ ಉಪ್ಪು ಕಡಿಮೆ ಅನ್ನಲಿಲ್ಲ. ಬಿತ್ತನೆಯ ರಾಗಿ ಯಾವ ಮಡಕೆಯಲ್ಲಿದೆ, ನೆಲ್ಲಿಕಾಯಿ ಉಪ್ಪಿನಕಾಯಿಗೆ ಮೆಂತ್ಯ ಎಷ್ಟು ಹುರಿಯಬೇಕು ಎಂದು ಕೇಳದೆಯೇ ಹೇಳಿಕೊಟ್ಟಳು. ಬೆಳಗಾಗುವ ಮುಂಚೆ ಗಂಗರತ್ನಮ್ಮನನ್ನು ಎಬ್ಬಿಸಿ ಕೊಟ್ಟಿಗೆಗೆ ಕರೆದೊಯ್ದು, ತಾನು ಯಾರಿಗೂ ಮುಟ್ಟಗೊಡದ ಹಸುವಿನ ಮುಂದೆ ಕೂರಿಸಿದಳು. "ಇನ್ಮೇಲೆ ನೀನು ಕರಿ. ಅದಕ್ಕೆ ನಿನ್ ಕೈ ರೂಢಿ ಆಗ್ಲಿ." ಹಸು ಹೊಸ ಕೈಗೆ ಒದೆಯಿತು. ಮುನಿವೆಂಕಟಮ್ಮ ಅದರ ಗಂಗೆದೊಗಲು ಸವರುತ್ತಾ, ಅದರ ಕಿವಿಯ ಹತ್ತಿರ ಬಾಗಿ, ಏನೋ ಬಹಳ ಹೊತ್ತು ಹೇಳಿದಳು. ಎರಡನೆಯ ಸಲ ಅದು ಒದೆಯಲಿಲ್ಲ.

"ಅತ್ತೆ ಒಂಥರಾ ಇದಾರೆ," ಎಂದಳು ಗಂಗರತ್ನಮ್ಮ ಗಂಡನಿಗೆ.

"ಹಾವಿನ ದುಃಖ," ಅಂದ ಚನ್ನಕೇಶವ. "ಮೃದು ಮನಸ್ಸು. ಯುಗಾದಿ ಕಳೆದ್ರೆ ಸರಿಹೋಗ್ತಾಳೆ."

ಮುಂದಿನ ಭಾನುವಾರ ಬಿಸಿಲು ಚೆನ್ನಾಗಿ ಬಂತು. ಪಿಳ್ಳಪ್ಪ ಗೋಡೆಯಾಚೆಯಿಂದ, ನಗು ತಡೆಯಲಾರದ ಗಂಟಲಲ್ಲಿ ಕರೆದ.

"ಡಾಕ್ಟ್ರೇ, ನಿಮ್ ರೋಗಿ ನಮ್ ಗೋಡೆ ಮೇಲವ್ಳೆ. ಬಂದು ನಾಡಿ ನೋಡಿ."

ಹಾವು ಗೋಡೆಯ ಮೇಲೆ ಉದ್ದಕ್ಕೆ ಚಾಚಿಕೊಂಡಿತ್ತು. ತಲೆಯಿಂದ ಬಾಲದವರೆಗೆ ಹೊಸೆದ ಹಗ್ಗದ ಹಾಗೆ ಒಂದೇ ಸಮ. ಉಬ್ಬು ಇದ್ದ ಜಾಗ ಯಾವುದೆಂದು ಅದಕ್ಕೇ ಮರೆತುಹೋದಂತಿತ್ತು. ಮನುಷ್ಯರನ್ನು ಕಂಡದ್ದೇ ಸರ್ರನೆ ಇಳಿದು ಅವರೆ ಪಾತಿಯೊಳಗೆ ಹೋಯಿತು.

"ನಮ್ ಕೊಟ್ಟಿಗೇಲಿ ಒಂದು ಹೆಗ್ಗಣ ಇತ್ತು, ಈ ಗಾತ್ರ," ಎಂದ ಪಿಳ್ಳಪ್ಪ ಮೊಣಕೈ ತೋರಿಸಿ. "ಹೋದ್ ಶನಿವಾರದಿಂದ ಕಾಣೆ. ಕೆಟ್ಟ ಗಡ್ಡೆ ಅಂದ್ರೆ ಅದೇನಾ?"

ಚನ್ನಕೇಶವ ಒಳಗೆ ಬಂದು ಹೆಂಡತಿಯ ಮುಂದೆ ಕೂತ. ಅವಮಾನಕ್ಕಿಂತ ಹೆಚ್ಚಾಗಿ ಲೆಕ್ಕ ತಪ್ಪಿದ ಗೊಂದಲ ಅವನನ್ನು ಕಾಡುತ್ತಿತ್ತು. "ನನ್ ಬೆರಳು ಹೆಗ್ಗಣ ಅಂತಲೇ ಹೇಳ್ತು ರತ್ನ. ಆದ್ರೆ ಅವ್ವ ಗೌರಿ ಹಬ್ಬದಿಂದ ಅಂದ್ಲಲ್ಲ? ಅವರೇಕಾಳು ಅಂದ್ಲು, ನಿಂಬೆಹಣ್ಣು ಅಂದ್ಲು. ಅವ್ವ ಸುಳ್ಳು ಹೇಳೋಳಲ್ಲ."

ಗಂಗರತ್ನಮ್ಮ ಹಾಲಿನ ಚೊಂಬು ಹಿಡಿದು ನಿಂತಿದ್ದಳು. ಹಸುವಿನ ಬಿಸಿ ಇನ್ನೂ ಅವಳ ಕೈಯಲ್ಲಿತ್ತು. ಕೊಟ್ಟಿಗೆ, ಬಿತ್ತನೆ ಮಡಕೆ, ಮೆಂತ್ಯದ ಹದ, ಒಂದೊಂದಾಗಿ ಬಂದು ಅವಳ ಮುಂದೆ ಕೂತವು. ಅವಳು ಚೊಂಬನ್ನು ಮೆಲ್ಲಗೆ ಕೆಳಗಿಟ್ಟಳು.

"ಸುಳ್ಳು ಹೇಳ್ಲಿಲ್ಲ," ಅಂದಳು. "ನೀವು ಕಣ್ಣು ಮುಚ್ಕೊಂಡಿದ್ರಿ. ನಾನು ನೋಡ್ತಾ ಇದ್ದೆ, ಆವತ್ತು ತಿಳೀಲಿಲ್ಲ. ನೀವು ಹಾವಿನ ಮೇಲೆ ಕೈ ಇಟ್ಕೊಂಡು ಕೇಳ್ತಿದ್ರಿ. ಅತ್ತೆ ತಮ್ಮ ಕತ್ತಿನ ಮೇಲೆ ಕೈ ಇಟ್ಕೊಂಡು ಹೇಳ್ತಿದ್ರು."

ಚನ್ನಕೇಶವ ಅಂದಿನ ಮಾತುಗಳನ್ನು ಮತ್ತೆ ಒಂದೊಂದಾಗಿ ಎಣಿಸಿದ. ಮಗ್ಗುಲಾದಾಗ ಒತ್ತಿದಂತೆ ಆಗುತ್ತದೆ. ನುಂಗುವಾಗ ಅಡ್ಡ ಬರುತ್ತದೆ. ಪಿಳ್ಳಪ್ಪನಿಗೂ ವಿಚಿತ್ರ ಅನ್ನಿಸಿದ ಮಾತು. ಸುಮ್ನಿರಿ ಪಿಳ್ಳಪ್ಪ ಎಂದಿದ್ದ. ಮದ್ದು ಎಂದು ಕೇಳಿದ್ದಳು, ಇಲ್ಲ ಎಂದಿದ್ದ. ಎಷ್ಟು ದಿನ ಎಂದು ಕೇಳಿದ್ದಳು. ಯುಗಾದಿ ಎಂದು, ಹಬ್ಬದ ಲೆಕ್ಕದಲ್ಲಿ, ನಾಲ್ಕು ಜನರ ಮುಂದೆ, ಹೆತ್ತ ತಾಯಿಗೆ ಹೇಳಿ, ಬಾಯಿ ಚಪ್ಪರಿಸಿ ಸಾರು ಮುದ್ದೆ ಉಂಡಿದ್ದ.

ಮುನಿವೆಂಕಟಮ್ಮ ಕೊಟ್ಟಿಗೆಯಲ್ಲಿ ಕರುವಿನ ಹಗ್ಗ ಬಿಚ್ಚುತ್ತಿದ್ದಳು. ಚನ್ನಕೇಶವ ಬಾಗಿಲಲ್ಲಿ ನಿಂತ.

"ಅವ್ವ, ಹಾವಿಗೆ ಏನೂ ಆಗಿಲ್ಲ. ಹೆಗ್ಗಣ ನುಂಗಿತ್ತು ಅಷ್ಟೆ. ಇಳಿದುಹೋಯ್ತು."

"ಅದು ಪುಣ್ಯ ಮಾಡಿತ್ತು ಬಿಡು," ಅಂದಳು ಅವಳು.

"ನಾನು ಹೇಳಿದ್ದು ಹಾವಿಗೆ."

"ನಾನ್ ಏಳಿದ್ಕೆ ತಾನೇ ನೀನ್ ಏಳಿದ್ದು. ನಾನ್ ಏಳಿದ್ದೆಲ್ಲಾ ದಿಟ ಕಣಪ್ಪ."

ಕರು ಬಿಟ್ಟ ಬಾಣದ ಹಾಗೆ ತಾಯಿಯ ಕೆಚ್ಚಲಿಗೆ ಓಡಿತು. ಚನ್ನಕೇಶವ ಹತ್ತಿರ ಹೋದ. "ತೋರ್ಸವ್ವ," ಎಂದ. ಈ ಸಲ ಅವನ ದನಿ ಅಷ್ಟು ದೂರ ಕೇಳುವಂತಿರಲಿಲ್ಲ.

ಮುನಿವೆಂಕಟಮ್ಮ ಮಗನ ಮುಖ ನೋಡಿದಳು. ಆಮೇಲೆ ಸೆರಗಿನ ಸುತ್ತು ಒಂದೊಂದಾಗಿ ಬಿಡಿಸಿದಳು. ಇಷ್ಟು ದಿನ ನಡುಮನೆಯ ಆ ತುದಿಯಿಂದ ನೋಡಿದ್ದ ಗಡ್ಡೆ ಅದು. ಹತ್ತಿರದಲ್ಲಿ ಅದರ ಮೇಲೆ ಒಂದು ಹಳೆಯ ಹಚ್ಚೆಯ ಚುಕ್ಕೆ ಇತ್ತು, ಚರ್ಮ ಹಿಗ್ಗಿ ಚುಕ್ಕೆ ಅಗಲವಾಗಿತ್ತು. ಅವನು ಕೈ ಇಟ್ಟ. ಕಣ್ಣು ಮುಚ್ಚಲಿಲ್ಲ. ಅವಳು ಉಗುಳು ನುಂಗಿದಳು. ಗಡ್ಡೆ ಅವನ ಬೆರಳ ಕೆಳಗೆ ಮೇಲಕ್ಕೆ ಹೋಗಿ, ಕೆಳಕ್ಕೆ ಬಂತು. ಅದು ಒಳ್ಳೆಯದೋ, ಕೆಟ್ಟದ್ದೋ. ಎತ್ತು, ಎಮ್ಮೆ, ಕುರಿ, ಎಲ್ಲವನ್ನೂ ನೆನೆದ. ಯಾವುದೂ ಉತ್ತರ ಕೊಡಲಿಲ್ಲ.

"ಏನು?" ಅಂದಳು ಮುನಿವೆಂಕಟಮ್ಮ.

"ಗೊತ್ತಿಲ್ಲವ್ವ."

"ನಿಂಗಾ?"

"ಹ್ಞೂಂ. ನಂಗೆ ಗೊತ್ತಾಗ್ತಾ ಇಲ್ಲ."

ಅವಳು ಸೆರಗು ಸರಿಮಾಡಿಕೊಂಡು, ಬಾನಿಯಲ್ಲಿ ಕೈ ತೊಳೆದು, ಸೊಸೆಯನ್ನು ಕೂಗಿದಳು.

"ರತ್ನಾ, ನನ್ನ ಆ ನೀಲಿ ಸೀರೆ ತೆಗಿಯವ್ವ. ಆಸ್ಪತ್ರೆಗೆ ಓಗ್ಬೇಕು."

ಚನ್ನಕೇಶವನ ಬಾಯಿ ತೆರೆದೇ ಇತ್ತು. "ಈಗ ಬರ್ತೀಯಾ? ಇಷ್ಟು ದಿನ ಕರೆದ್ರೆ ಬರ್ಲಿಲ್ಲ."

"ನೀನು ಗೊತ್ತು ಗೊತ್ತು ಅಂತಿದ್ದೆ," ಎಂದಳು ಮುನಿವೆಂಕಟಮ್ಮ, ಅವನನ್ನು ದಾಟಿ ಹೋಗುತ್ತಾ. "ಡಾಕ್ಟ್ರು ಮಗನೇ ಎಲ್ಲಾ ಗೊತ್ತು ಅಂದ್ಮೇಲೆ ಇನ್ಯಾರನ್ನ ಕೇಳ್ಲಿ? ಗೊತ್ತಿಲ್ಲ ಅಂತ ಮೊದ್ಲನೇ ದಿನಾನೇ ಒಂದು ಮಾತು ಅಂದಿದ್ರೆ, ಆವತ್ತೇ ಬತ್ತಿದ್ನಲ್ಲೋ."